ಒಂದು ಲಕ್ಷ ಚುಕ್ಕಿ, ಇಪ್ಪತ್ತು ಲಕ್ಷ ಚುಕ್ಕಿ

ನಾನು ಒಂದು ವಿಸಿಡಿ. ಚಿತ್ರವನ್ನೂ ಧ್ವನಿಯನ್ನೂ ಹೊತ್ತ ತಟ್ಟೆ. ನನ್ನ ಅಡ್ಡಳತೆ ಹನ್ನೆರಡು ಸೆಂಟಿಮೀಟರ್, ತೂಕ ಹದಿನೈದು ಗ್ರಾಂ. ಹರಳುಹರಳಾದ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ಒತ್ತಿದಾಗ, ನಾಲ್ಕೈದು ಸೆಕೆಂಡುಗಳಲ್ಲಿ, ನಾನು ಹುಟ್ಟಿದೆ. ಮೈಮೇಲೆ ಅಲ್ಯೂಮಿನಿಯಮ್ಮಿನ ತೆಳುವಾದ ಪದರು ಬಳಿದರು. ಅದರಡಿ ಕಣ್ಣಿಗೆ ಕಾಣದ ಗುಳಿಗಳ ಒಂದೇ ಒಂದು ಸಾಲು ಸುರುಳಿ ಸುತ್ತಿಕೊಂಡಿದೆ. ಬಿಡಿಸಿ ನೇರ ಮಾಡಿದರೆ ಅದು ಐದು ಕಿಲೋಮೀಟರಿಗೂ ಉದ್ದ. ನಾನು ತಿರುಗುವಾಗ ಬೆಳಕಿನ ಒಂದು ಎಳೆ ಆ ದಾರಿಯಲ್ಲಿ ನಡೆದುಹೋಗುತ್ತದೆ. ಆಗ ನನಗೆ ಕನಸು ಬೀಳುತ್ತದೆ. ನನ್ನ ಕನಸನ್ನು ಜನ ಸಿನಿಮಾ ಎನ್ನುತ್ತಾರೆ.

ಸಿನಿಮಾ ದೊಡ್ಡದು, ನನ್ನ ಮೈ ಚಿಕ್ಕದು. ಆದ್ದರಿಂದ ಅದನ್ನು ಎರಡು ತಟ್ಟೆಗಳಿಗೆ ಹಂಚಿದ್ದರು, ನಾನು ಎರಡನೆಯದು. ಕಥೆಯ ನಾಯಕ ಯಾಕೆ ಅಳುತ್ತಾನೆಂಬುದು ನನಗೆ ಗೊತ್ತು. ಅದಕ್ಕೆ ಮೊದಲು ಅವನು ಯಾಕೆ ನಗುತ್ತಿದ್ದನೆಂಬುದು ಇಂದಿಗೂ ಗೊತ್ತಿಲ್ಲ.

ನನ್ನ ಯೋಗ್ಯತೆಯನ್ನು ನಾನೇ ಹೇಳಿಬಿಡುತ್ತೇನೆ. ನನ್ನ ಒಂದು ಚಿತ್ರದಲ್ಲಿ ಅಡ್ಡಕ್ಕೆ ಮುನ್ನೂರ ಐವತ್ತೆರಡು, ಉದ್ದಕ್ಕೆ ಇನ್ನೂರ ಎಂಬತ್ತೆಂಟು ಚುಕ್ಕಿಗಳು. ಗುಣಿಸಿದರೆ ಒಂದು ಲಕ್ಷದ ಒಂದು ಸಾವಿರದ ಮುನ್ನೂರ ಎಪ್ಪತ್ತಾರು. ಬಣ್ಣದಲ್ಲಿ ನಾನು ಇನ್ನೂ ಬಡವ: ನಾಲ್ಕು ಚುಕ್ಕಿಗಳು ಒಂದೇ ಬಣ್ಣವನ್ನು ಹಂಚಿಕೊಳ್ಳಬೇಕು. ಜನ ಗುಂಪಾಗಿ ನಡೆದರೆ ಅವರ ಮುಖಗಳು ಚೌಕಚೌಕವಾಗಿ ಒಡೆದು, ನೀರಿನಲ್ಲಿ ಕಂಡ ಹಾಗೆ ಕದಡುತ್ತವೆ. ಧ್ವನಿ ಡಬ್ಬಿಯೊಳಗಿನಿಂದ ಬಂದಂತಿರುತ್ತದೆ. ಆದರೆ ನಾನು ಹುಟ್ಟಿದ ಕಾಲದಲ್ಲಿ ಯಾರೂ ಇದನ್ನು ಕೊರತೆ ಎನ್ನಲಿಲ್ಲ. ಬೇಕೆಂದಾಗ ನೋಡಬಹುದು ಎಂಬುದೇ ದೊಡ್ಡ ಮಾತಾಗಿತ್ತು.

ದಾವಣಗೆರೆಯ ಹಳೆಪೇಟೆಯಲ್ಲಿ ಕೊಟ್ರೇಶನೆಂಬವನ ವಿಡಿಯೋ ಲೈಬ್ರರಿ ಇತ್ತು. ನನ್ನನ್ನು ಅಲ್ಲಿಯ ಮೂರನೆಯ ಗೂಡಿನಲ್ಲಿ ಇಟ್ಟರು. ಬಾಡಿಗೆಗೆ ಒಯ್ದವರು ನನ್ನನ್ನು ಎಣ್ಣೆಗೈಯಲ್ಲಿ ಹಿಡಿದರು, ಲೋಟ ಮುಚ್ಚಲು ಬಳಸಿದರು. ಕೊಟ್ರೇಶ ಮಾತ್ರ ನನ್ನನ್ನು ಅಂಚು ಹಿಡಿದೇ ಎತ್ತುತ್ತಿದ್ದ. ನಡುವಿನಿಂದ ಅಂಚಿಗೆ ಒರೆಸುತ್ತಿದ್ದ, ಸುತ್ತಲಾಗಿ ಎಂದೂ ಒರೆಸಲಿಲ್ಲ.

ಒಂದು ಭಾನುವಾರ ಹಾಲಮ್ಮ ಬಂದಳು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಮೂವತ್ತರ ಹೆಂಗಸು, ಭಟ್ಟಿಯ ಹೊಗೆ ಕುಡಿದ ಸೀರೆ, ಕೂದಲಲ್ಲಿ ಒಂದೆರಡು ಮಂಡಕ್ಕಿ ಕಾಳು.

"ಕೊಟ್ರೇಶಣ್ಣ, ನಮ್ಮ ಹತ್ತಿ ಗಿರಣಿ ಗೇಟಿನ ಮುಂದೆ ಒಂದು ಸಿನಿಮಾ ತೆಗೆದಿದ್ರಂತಲ್ಲ, ಅದು ಐತಾ?"

"ಐತಕ್ಕ. ಎರಡನೇ ಪ್ಲೇಟಿನಾಗೆ ಬರ್ತೈತೆ ಗಿರಣಿ. ಹಳೇ ಪಿಕ್ಚರ್ರು, ಯಾರೂ ಒಯ್ಯಲ್ಲ."

"ಅದ್ರಾಗೆ ನಮ್ಮವ್ವ ಅದಾಳೆ," ಎಂದಳು ಹಾಲಮ್ಮ.

ಹಾಲಮ್ಮನಿಗೆ ಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ತಾಯಿಯ ಹೆಸರು ಚೌಡವ್ವ. ಒಂದು ಫೋಟೋ ಕೂಡ ಇರಲಿಲ್ಲ. ಸಾಕಿದವಳು ತಾಯಿಯ ತಂಗಿ ಹನುಮಕ್ಕ. ಅಕ್ಕತಂಗಿಯರು ಇಬ್ಬರೂ ಅದೇ ಗಿರಣಿಯಲ್ಲಿ ದುಡಿದವರು. ಮದುವೆಯಾಗದೆ ಉಳಿದ ಹನುಮಕ್ಕ ಮಗುವನ್ನು ಬೆಳೆಸಿದಳು. ಅವಳೇ ಹೇಳಿದ ಸುದ್ದಿ ಇದು: ಪಾಳಿ ಮುಗಿದು ಜನ ಹೊರಬರುವಾಗ ಸಿನಿಮಾದವರು ಕ್ಯಾಮೆರಾ ಇಟ್ಟಿದ್ದರು, ಅಲ್ಲಿ ನಿಮ್ಮವ್ವ ಇದ್ದಾಳೆ.

ಆ ಮಧ್ಯಾಹ್ನ ನಾನು ಅವರ ಮನೆಯಲ್ಲಿ ಮೊದಲ ಸಲ ತಿರುಗಿದೆ. ಇಪ್ಪತ್ತೊಂದನೆಯ ನಿಮಿಷದಲ್ಲಿ ಸೈರನ್ ಕೂಗಿತು. ಗೇಟು ತೆರೆಯಿತು. ಹೆಂಗಸರು ಹೊಳೆಯಂತೆ ಹರಿದು ಬಂದರು. ಎಡಮೂಲೆಯಲ್ಲಿ, ಚಿತ್ರದ ಕೆಳಗಿನ ಅಂಚಿಗೆ ತಾಗಿದಂತೆ, ಒಬ್ಬಳು ಕಿತ್ತ ಚಪ್ಪಲಿ ಎತ್ತಿಕೊಳ್ಳಲು ಬಗ್ಗಿ, ಕ್ಯಾಮೆರಾದ ಕಡೆ ಮುಖ ತಿರುಗಿಸಿದಳು. ಮೂರು ಸೆಕೆಂಡು ಅಷ್ಟೆ.

ಹನುಮಕ್ಕನ ಬೆರಳು ನಿಧಾನವಾಗಿ ಮೇಲೆದ್ದಿತು. "ಅಗೋ. ಅಕಿನೇ."

ಆ ಮುಖಕ್ಕೆ ನಾನು ಕೊಡಬಲ್ಲವನಾಗಿದ್ದದ್ದು ಅಡ್ಡಕ್ಕೆ ಒಂಬತ್ತು, ಉದ್ದಕ್ಕೆ ಹನ್ನೊಂದು; ಒಟ್ಟು ತೊಂಬತ್ತೊಂಬತ್ತು ಚುಕ್ಕಿ. ಅಷ್ಟರಲ್ಲಿ ಕಣ್ಣಿಲ್ಲ, ಮೂಗಿಲ್ಲ. ಕಂದು ನೆರಳು, ಅದರ ನಡುವೆ ತುಸು ಬೆಳಕು. ಹಾಲಮ್ಮ ಅಷ್ಟರಲ್ಲೇ ನಗುವನ್ನು ಕಂಡಳು. ಮರುವಾರ ಮೂಗುಬೊಟ್ಟು ಕಂಡಳು. ವಾರವಾರವೂ ನನ್ನನ್ನು ಒಯ್ದು, ಇಲ್ಲದ ಚುಕ್ಕಿಗಳನ್ನು ಒಂದೊಂದಾಗಿ ತಾನೇ ಇಟ್ಟುಕೊಂಡಳು. ಬೆಳಕಿನ ಎಳೆ ನನ್ನ ಮೇಲೆ ನಡೆಯುತ್ತಿದ್ದಾಗ ನನಗೂ ಹಾಗೆಯೇ ಅನ್ನಿಸತೊಡಗಿತು: ಈ ಮಸುಕಿನಾಚೆ ಯಾರೋ ನಿಂತಿದ್ದಾರೆ, ಇನ್ನೇನು ಈಚೆ ಬರುತ್ತಾರೆ.

ಬಾಡಿಗೆಯ ಕಾಲ ಮುಗಿದಾಗ ಕೊಟ್ರೇಶ ಗೂಡುಗಳನ್ನು ಕಿತ್ತು ಮೊಬೈಲ್ ರಿಪೇರಿ ಅಂಗಡಿ ತೆರೆದ. "ಇದನ್ನ ನೀನೇ ಇಟ್ಕೊಂಡ್ಬಿಡು ಹಾಲಕ್ಕ. ನಿನ್ನ ಬಿಟ್ರೆ ಇದಕ್ಕೆ ಯಾರದಾರೆ?" ಎಂದ. ಹೀಗೆ ನಾನು ಹಾಲಮ್ಮನವನಾದೆ. ಹತ್ತು ವರ್ಷ ಅವಳ ಟಿವಿಯ ಪಕ್ಕದ ಡಬ್ಬಿಯಲ್ಲಿದ್ದೆ.

ಆಮೇಲೆ ಹೊಸ ತಟ್ಟೆಯ ಸುದ್ದಿ ಬಂತು. ಅದೇ ಸಿನಿಮಾ ಬ್ಲೂ-ರೇ ಆಗಿ ಬರುತ್ತದೆಂದು ಕೊಟ್ರೇಶ ತಿಳಿಸಿದ. "ಹಳೇ ರೀಲನ್ನ ತೊಳೆದು ತೆಗೆದಾರಂತೆ. ಕೂದಲು ಕೂದಲು ಎಣಿಸಬೌದಕ್ಕ. ನಾನೇ ತರಿಸ್ಕೊಡ್ತೀನಿ."

ಹಾಲಮ್ಮ ಅಂದಿನಿಂದ ನೆಲದ ಮೇಲೆ ನಡೆಯಲಿಲ್ಲ. ಭಟ್ಟಿಯಲ್ಲಿ ಎಲ್ಲರಿಗೂ ಹೇಳಿದಳು: ಈ ಸಲ ಅವ್ವನ ಮುಖ ಕಾಣುತ್ತದೆ. ಹೊಸದು ಬರುವಷ್ಟರಲ್ಲಿ ನನ್ನ ಗೀರುಗಳನ್ನು ತೆಗೆಸಲೆಂದು ಅಂಗಡಿಗೆ ಕಳಿಸಿದಳು. ಕೊಟ್ರೇಶ ಹಲ್ಲುಜ್ಜುವ ಪೇಸ್ಟ್ ಹಚ್ಚಿ ನನ್ನನ್ನು ತಿಕ್ಕುತ್ತಿದ್ದಾಗ ಹನುಮಕ್ಕ ಬಂದು ಬಾಗಿಲಲ್ಲಿ ನಿಂತಳು. ಅವಳಿಗೆ ಆಗ ಅರವತ್ತರ ಮೇಲೆ.

"ಕೊಟ್ರೇಶಿ, ಆ ಹೊಸ ಪ್ಲೇಟು ಬರ್ಲಿಲ್ಲ ಅಂತ ಹೇಳ್ಬಿಡಪ್ಪ."

"ಬಂದೈತಲ್ಲಜ್ಜಿ. ಇಗೋ, ಇಲ್ಲೇ ಐತೆ."

"ಇದ್ರೆ ಐತೆ ಅಂತ ಹೇಳ್ಲೇಬೇಕಾ?"

"ಯಾಕಜ್ಜಿ? ಏನಾತು?"

ಹನುಮಕ್ಕ ಬೀದಿಯತ್ತ ಒಮ್ಮೆ ನೋಡಿದಳು. "ಅಲ್ಲಿ ಬಗ್ಗಿರಾಕಿ ಅವಳವ್ವ ಅಲ್ಲ ಕಣೋ. ನಾನು."

ಕೊಟ್ರೇಶನ ಕೈ ನನ್ನ ಮೇಲೆ ನಿಂತಿತು.

"ನಾಲ್ಕು ವರ್ಷದ ಕೂಸು. ದಿನಾ ಅವ್ವ ಎಲ್ಲಿ, ಅವ್ವ ಎಲ್ಲಿ ಅಂತ ಜೀವ ತಿಂತಿತ್ತು. ಸಿನಿಮಾದಾಗೆ ಅದಾಳೆ ಅಂದೆ. ಸುಮ್ನಾತು. ಆ ಸಿನಿಮಾ ಊರು ಬಿಟ್ಟು ಹೋಗಿ ವರ್ಷ ಆಗಿತ್ತು, ಯಾರು ನೋಡ್ತಾರೆ ಅಂದ್ಕಂಡೆ. ಈ ಪ್ಲೇಟು ಗೀಟು ಬರ್ತಾವು ಅಂತ ಯಾರಿಗೆ ಗೊತ್ತಿತ್ತು? ಬಂದಾಗ ಮುಖ ಕಾಣ್ಲಿಲ್ಲ, ಬದುಕ್ಕಂಡೆ."

"ನೀವೇ ಹೇಳ್ಬಿಡ್ರಿ ಅಜ್ಜಿ."

"ನಲವತ್ತು ವರ್ಷದ ಸುಳ್ಳಪ್ಪ. ಬಾಯಿಗೆ ಬರಲ್ಲ."

"ಹಾಲಕ್ಕ ಬೆಳಗ್ಗಿಂದ ಎರಡು ಸಲ ಫೋನ್ ಮಾಡಿದಾಳೆ. ಬಂದೈತೆ ಅಂತ ಆಗ್ಲೇ ಹೇಳಿಬಿಟ್ಟೀನಿ," ಎಂದ ಕೊಟ್ರೇಶ.

ಹನುಮಕ್ಕ ಸೆರಗು ಹೊದ್ದು ಹೊರಟುಹೋದಳು. ಅವಳ ನಲವತ್ತು ವರ್ಷದ ಸುಳ್ಳನ್ನು ಕಾಯುತ್ತಿದ್ದದ್ದು ನನ್ನ ಬಡತನವೆಂದು ನನಗೆ ಅಂದು ತಿಳಿಯಿತು.

ಭಾನುವಾರ ಮಧ್ಯಾಹ್ನ ಕೊಟ್ರೇಶ ತನ್ನ ಹೊಸ ಪ್ಲೇಯರನ್ನೂ, ಅಗಲದ ಟಿವಿಯನ್ನೂ, ಐದು ಸ್ಪೀಕರ್ ಡಬ್ಬಿಗಳನ್ನೂ ಆಟೋದಲ್ಲಿ ಹೇರಿಕೊಂಡು ಬಂದ. ಮನೆ ತುಂಬ ವೈರು. "ಮೊದ್ಲು ಹಳೇದು ನೋಡ್ರಿ, ಆಮೇಲೆ ಹೊಸದು. ಆಗ ಫರಕು ಗೊತ್ತಾಗ್ತೈತೆ," ಎಂದ.

ನಾನು ತಿರುಗಿದೆ. ಅಗಲದ ಪರದೆಯಲ್ಲಿ ನನ್ನ ಚಿತ್ರದ ಎರಡು ಪಕ್ಕಕ್ಕೂ ಕಪ್ಪು ಪಟ್ಟಿ. ದೊಡ್ಡದಾಗಿ ಕಂಡಷ್ಟೂ ನನ್ನ ಮಸುಕು ಹೆಚ್ಚಿತು. ಗುಂಪು ಬಣ್ಣದ ಕೆಸರಾಯಿತು. ನನಗೆ ನಾಚಿಕೆಯಾಯಿತು. ಬಳಿಕ ಕೊಟ್ರೇಶ ನನ್ನನ್ನು ತೆಗೆದು ಪಕ್ಕದ ಮಣೆಯ ಮೇಲಿಟ್ಟು ಹೊಸ ತಟ್ಟೆಯನ್ನು ಹಾಕಿದ. ಅದರ ಅಡ್ಡಳತೆಯೂ ಹನ್ನೆರಡೇ ಸೆಂಟಿಮೀಟರ್. ಆದರೆ ಅದರ ಒಂದು ಚಿತ್ರದಲ್ಲಿ ಇಪ್ಪತ್ತು ಲಕ್ಷದ ಎಪ್ಪತ್ತಮೂರು ಸಾವಿರದ ಆರುನೂರು ಚುಕ್ಕಿಗಳು. ನನ್ನ ಇಪ್ಪತ್ತು ಪಟ್ಟಿಗೂ ಹೆಚ್ಚು.

ಅದು ಕಂಡ ಕನಸು ನನ್ನ ಕನಸಲ್ಲ. ಗಿರಣಿಯ ಗೋಡೆಯಲ್ಲಿ ಒಂದೊಂದು ಇಟ್ಟಿಗೆ ಬೇರೆಯಾಗಿ ನಿಂತಿತ್ತು. ಗೇಟಿನ ತುಕ್ಕು ಕಂಡಿತು. ಗಾಳಿಯಲ್ಲಿ ತೇಲುವ ಹತ್ತಿಯ ಎಳೆ ಕಂಡಿತು. ಆ ಸಿನಿಮಾದೊಳಗೆ ಅದೂ ಇದೆಯೆಂಬುದೇ ನನಗೆ ತಿಳಿದಿರಲಿಲ್ಲ. ಸೈರನ್ ಹಿಂದಿನ ಡಬ್ಬಿಯಿಂದ ಎದ್ದು ನೆತ್ತಿಯ ಮೇಲೆ ಸುತ್ತಿ ಮುಂದಿನ ಡಬ್ಬಿಗೆ ಹೋಯಿತು. ಹಾಲಮ್ಮ ಬೆಚ್ಚಿ ಹಿಂದೆ ನೋಡಿದಳು.

"ಇದು ನಮ್ಮ ಗಿರಣಿ ಕೂಗಲ್ಲ," ಎಂದಳು ಹನುಮಕ್ಕ, ತನಗೇ ಎಂಬಂತೆ. "ನಮ್ಮದು ಕೊನಿಗೆ ಕೆಮ್ತಿತ್ತು."

ಅವಳ ಮಾತು ಸರಿ. ಧ್ವನಿಯನ್ನು ಶುದ್ಧ ಮಾಡಿದವರು ಹಳೆಯ ಸೈರನ್ನಿಗೆ ಬದಲು ಬೇರೆಯದನ್ನು ಸೇರಿಸಿದ್ದರು. ಕೆಮ್ಮುವ ಸೈರನ್ ನನ್ನ ಹತ್ತಿರ ಮಾತ್ರ ಉಳಿದಿತ್ತು.

ಹೆಂಗಸರು ಹೊರಬಂದರು. ಪ್ರತಿಯೊಬ್ಬಳಿಗೂ ಮುಖವಿತ್ತು. ಹಾಲಮ್ಮ ಮೊಣಕಾಲೂರಿ ಪರದೆಯ ಹತ್ತಿರ ಸರಿದಳು. ಹನುಮಕ್ಕ ಕಣ್ಣು ಮುಚ್ಚಿಕೊಂಡಳು.

ಮೂರು ಸೆಕೆಂಡು ಕಳೆಯಿತು.

"ಎಲ್ಲಿ?" ಎಂದಳು ಹಾಲಮ್ಮ. "ನಮ್ಮವ್ವ ಎಲ್ಲಿ?"

ಕೊಟ್ರೇಶ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಎಡಮೂಲೆಯ ಅಂಚಿನಲ್ಲಿ ಬಗ್ಗಿದ ಬೆನ್ನೊಂದು ಕಂಡಿತು. ಮುಖವಿಲ್ಲ. ಅವನು ಸ್ವಲ್ಪ ಹೊತ್ತು ನೋಡಿ ಹಣೆ ಚಚ್ಚಿಕೊಂಡ. ಟಿವಿ ತುಂಬ ಚಿತ್ರ ಬರದಿದ್ದರೆ, ಪಕ್ಕದಲ್ಲಿ ಕಪ್ಪು ಪಟ್ಟಿ ಇದ್ದರೆ, ಗಿರಾಕಿಗಳು ಜಗಳಕ್ಕೆ ಬರುತ್ತಾರೆ. ಅದಕ್ಕೆ ಹೊಸ ತಟ್ಟೆಯವರು ಹಳೆಯ ಚಿತ್ರವನ್ನು ಅಗಲಕ್ಕೆ ಹಿಗ್ಗಿಸಿ, ಮೇಲೊಂದಿಷ್ಟು ಕೆಳಗೊಂದಿಷ್ಟು ಕತ್ತರಿಸಿದ್ದರು. ನಾಲ್ಕಕ್ಕೆ ಮೂರರ ಚೌಕಟ್ಟನ್ನು ಹದಿನಾರಕ್ಕೆ ಒಂಬತ್ತು ಮಾಡಿದರೆ ಎತ್ತರದಲ್ಲಿ ಸರಿಯಾಗಿ ಕಾಲುಭಾಗ ಹೋಗುತ್ತದೆ. ಆ ಕಾಲುಭಾಗದಲ್ಲಿ ಆ ಮುಖವಿತ್ತು.

ಹನುಮಕ್ಕ ಕಣ್ಣು ತೆರೆದಳು. ಅವಳ ಸುಳ್ಳು ಉಳಿದುಕೊಂಡಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು.

ಹಾಲಮ್ಮ ಪರದೆಯ ಕೆಳಗಿನ ಅಂಚನ್ನು ಕೈಯಲ್ಲಿ ಸವರುತ್ತಿದ್ದಳು, ಅದರಡಿ ಯಾರೋ ಸಿಕ್ಕಿಕೊಂಡಿರುವ ಹಾಗೆ. "ಎಲ್ಲಾರ್ನೂ ಉಳ್ಸಿ ನಮ್ಮವ್ವನ್ನೇ ಕತ್ತರಿಸಿದ್ರಲ್ಲ ಸಣ್ಣವ್ವ. ಇನ್ನೊಂದು ಸಲ ಸತ್ತಂಗಾತು."

"ಹಾಲೀ," ಎಂದಳು ಹನುಮಕ್ಕ. "ಇಲ್ಲಿ ಬಾ ತಾಯಿ. ಅಕಿ ನಿಮ್ಮವ್ವ ಅಲ್ಲ. ನಾನು. ನಿಮ್ಮವ್ವ ಅವತ್ತು ಕೆಲಸಕ್ಕೆ ಬಂದಿರ್ಲಿಲ್ಲ."

ಕೊಟ್ರೇಶ ಪರದೆಯ ಮೇಲಿನ ಚಿತ್ರವನ್ನು ಹಾಗೆಯೇ ನಿಲ್ಲಿಸಿ ವೈರುಗಳ ನಡುವೆ ತಲೆ ತಗ್ಗಿಸಿದ.

ಹಾಲಮ್ಮ ಪರದೆಯಿಂದ ಕೈ ತೆಗೆದು ಹನುಮಕ್ಕನ ಕಡೆ ತಿರುಗಿದಳು. ದನಿ ಗಟ್ಟಿಯಾಗಿರಲಿಲ್ಲ. "ಇಷ್ಟು ವರ್ಷ ನಿನ್ನ ಮುಖ ನೋಡಿ ಅವ್ವಾ ಅಂತ ಅತ್ತೆನಲ್ಲ. ಪಕ್ಕದಾಗೇ ಕೂತಿದ್ದೆ ನೀನು. ಒಂದ್ಸಲನಾರ ಹೇಳ್ಬೇಕು ಅನ್ನಿಸ್ಲಿಲ್ಲಾ?"

"ಪ್ರತಿ ಸಲ ಅನ್ನಿಸ್ತು."

"ಅವತ್ತು ಎಲ್ಲಿದ್ಲು ಹಂಗಾರೆ?"

"ಮನ್ಯಾಗೆ. ನಿನಗೆ ದಡಾರ ಬಂದಿತ್ತು. ಎಲ್ಲಾರೂ ಸಿನಿಮಾದಾಗೆ ಬರ್ತೀವಿ ಅಂತ ಕುಣೀತಿದ್ರು. ಅಕಿ ನಿನ್ನ ತೊಡಿ ಮ್ಯಾಲೆ ಹಾಕ್ಕಂಡು ಬೇವಿನ ಸೊಪ್ಪಿನಾಗೆ ಗಾಳಿ ಬೀಸ್ತಾ ಕೂತ್ಲು. ನನ್ನ ಸೀರಿ ಹರಿದಿತ್ತು. ನನ್ನದು ಉಟ್ಕಂಡು ಹೋಗು, ಚೆಂದ ಕಾಣ್ತೀಯ ಅಂದ್ಲು."

ಹಾಗೆಂದವಳೇ ಹನುಮಕ್ಕ ಎದ್ದು, ಪರದೆಯ ಮುಂದೆ ಬಗ್ಗಿ, ನಿಂತ ಚಿತ್ರದ ಬೆನ್ನಿನ ಮೇಲೆ ಬೆರಳಿಟ್ಟಳು. "ಇದು ಅಕಿ ಸೀರಿ. ಇಲ್ಲಿ ನೋಡು, ಇದೂ ಮೊಳಿ ತಾಗಿ ಹರಿದಿತ್ತು. ಹಸ್ರು ದಾರ ಇರ್ಲಿಲ್ಲ, ಕರೇ ದಾರದಾಗೆ ಹೊಲ್ದಾಳೆ. ನಿಮ್ಮವ್ವನ ಕೈ ಹೊಲಿಗಿ."

ಹಾಲಮ್ಮ ಮುಖವನ್ನು ಪರದೆಗೆ ತೀರ ಹತ್ತಿರ ತಂದಳು. ಹಸಿರು ಬಟ್ಟೆ, ನೇಯ್ಗೆಯ ಎಳೆ ಎಳೆ; ಅದರ ಮೇಲೆ ಕಪ್ಪು ಹೊಲಿಗೆಗಳು. ಅವಳು ಬೆರಳಿನಿಂದ ಎಣಿಸಿದಳು. ಹನ್ನೊಂದು. ಎರಡು ಸೊಟ್ಟಗಿದ್ದವು.

"ಅವಸರದಾಗೆ ಹಾಕಿದಾಳೆ," ಎಂದಳು.

"ನೀನು ಅಳ್ತಿದ್ದೆ," ಎಂದಳು ಹನುಮಕ್ಕ.

ಮಣೆಯ ಮೇಲೆ ಮಲಗಿದ್ದ ನಾನು ಇದನ್ನೆಲ್ಲ ಕೇಳಿದೆ. ಆ ಹನ್ನೊಂದು ಹೊಲಿಗೆಗಳಿಗೆ ನಾನು ಒಂದು ಚುಕ್ಕಿಯನ್ನೂ ಕೊಟ್ಟಿರಲಿಲ್ಲ. ನನ್ನಲ್ಲಿ ಆ ಬೆನ್ನು ಬರಿಯ ಹಸಿರು ಮಬ್ಬು. ಹೊಸ ತಟ್ಟೆ ನನಗಿಂತ ಮೇಲೆಂದು ನಾನು ಒಪ್ಪುತ್ತೇನೆ. ಇದರಲ್ಲಿ ವಾದಕ್ಕೆ ಎಡೆಯಿಲ್ಲ.

ಈಗ ನನಗೆ ಮುಪ್ಪು. ಅಂಚಿನಿಂದ ಬೆಳ್ಳಿಬಣ್ಣ ಉದುರುತ್ತಿದೆ. ನನ್ನನ್ನು ತಿರುಗಿಸುವ ಯಂತ್ರಗಳೂ ಊರಲ್ಲಿ ಅಪರೂಪ. ಕೊಟ್ರೇಶ ಹಳೆಯ ಪ್ಲೇಯರ್ ಒಂದನ್ನು ಜೋಡಿಸಿಕೊಟ್ಟಿದ್ದಾನೆ. ಹಾಲಮ್ಮ ನನ್ನನ್ನೂ ಹೊಸ ತಟ್ಟೆಯನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದಾಳೆ, ನಡುವೆ ಒಂದು ಕಾಗದ. ವಾರಕ್ಕೊಮ್ಮೆ ನಾವಿಬ್ಬರೂ ಹೊರಬರುತ್ತೇವೆ. ಅದು ಹೊಲಿಗೆ ತೋರಿಸುತ್ತದೆ, ನಾನು ಮುಖ ತೋರಿಸುತ್ತೇನೆ. ಉಳಿದ ದಿನ ಕತ್ತಲಲ್ಲಿ ಅಕ್ಕಪಕ್ಕ ಮಲಗಿರುತ್ತೇವೆ. ನನ್ನ ಗುಳಿಗಳಲ್ಲಿ ಆ ಹೆಂಗಸರು ನಡೆಯುತ್ತಲೇ ಇರುವಂತೆ, ಗೇಟು ಮುಚ್ಚದೆ ಇರುವಂತೆ ನನಗೆ ಭಾಸವಾಗುತ್ತದೆ.

ಮೊನ್ನೆ ಭಟ್ಟಿಯ ಗೆಳತಿಯೊಬ್ಬಳು ಬಂದಿದ್ದಳು. ನಾನು ತಿರುಗುತ್ತಿದ್ದೆ. ಮಸುಕಾದ ಆ ಮುಖ ಬಂದಾಗ ಅವಳು ಕೇಳಿದಳು: "ಯಾರೇ ಹಾಲಮ್ಮ ಅದು?"

"ನಮ್ಮವ್ವ," ಎಂದಳು ಹಾಲಮ್ಮ.

ಒಲೆಯ ಮುಂದಿದ್ದ ಹನುಮಕ್ಕ ಸಿಡುಕಿದಳು. "ಸುಳ್ಳು ಯಾಕೆ ಹೇಳ್ತೀಯೇ?"

"ನೀನು ನಲವತ್ತು ವರ್ಷ ಹೇಳ್ಬೌದು, ನಾನು ಒಂದ್ಸಲ ಹೇಳ್ಬಾರ್ದಾ? ಸುಮ್ನೆ ಚಾ ಸೋಸು."

ಹನುಮಕ್ಕ ಚಹಾ ಸೋಸಿದಳು. ಮೂರು ಲೋಟ ತುಂಬಬೇಕಾಗಿತ್ತು. ಮೂರನೆಯ ಲೋಟ ಅರ್ಧಕ್ಕೇ ನಿಂತಿತು. ಆ ಅರ್ಧ ಲೋಟವನ್ನು ಹಾಲಮ್ಮ ತಾನು ತೆಗೆದುಕೊಂಡಳು.