ಬಸುರಿಯ ನಿದ್ದೆಗೆ ಹೂವಿನ ಸಾರ

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳು ನಿದ್ದೆಯಿಲ್ಲದೆ ಒದ್ದಾಡುತ್ತಿದ್ದರೆ ಯಾವ ತಾಯಿಗೆ ತಾನೆ ಊಟ ರುಚಿಸೀತು? ಹೊಳೆನರಸೀಪುರದ ದಾಕ್ಷಾಯಣಮ್ಮನಿಗೆ ನಾಲ್ಕು ದಿನದಿಂದ ಇದೇ ಚಿಂತೆ. ಎಂಟು ತಿಂಗಳ ಬಸುರಿ ನೀಲಾಂಬಿಕೆ ಮಗ್ಗುಲು ಬದಲಿಸುತ್ತಲೇ ಬೆಳಗು ಮಾಡುತ್ತಿದ್ದಳು.

ಜವಳಿ ತರಲು ಹಾಸನಕ್ಕೆ ಹೋಗಿದ್ದ ದಾಕ್ಷಾಯಣಮ್ಮನ ಗಂಡ ಚಂದ್ರಶೇಖರಯ್ಯ ಔಷಧಿ ಅಂಗಡಿಯಿಂದ ಒಂದು ಸೀಸೆ ತಂದರು. ಹಾಪ್ಸ್ ಎಂಬ ಸೀಮೆಯ ಬಳ್ಳಿಯ ಹೂವಿನ ಸಾರ. ಹತ್ತು ತೊಟ್ಟು ಕುಡಿದರೆ ನಿದ್ದೆ ಬರುತ್ತದಂತೆ. ಬಸುರಿಗೆಂದು ಇವರು ಹೇಳಲಿಲ್ಲ, ಅಂಗಡಿಯವನೂ ಕೇಳಲಿಲ್ಲ.

ದಾಕ್ಷಾಯಣಮ್ಮ ಒಂದು ತೊಟ್ಟು ನಾಲಿಗೆಗಿಟ್ಟು ನೋಡಿದರು. ಕಡುಕಹಿ. ಸಂಜೆಯ ಕಾಫಿಗೇ ಬೆರೆಸಿಬಿಡೋಣವೆಂದು ಸೀಸೆ ಬಗ್ಗಿಸುವಷ್ಟರಲ್ಲಿ ಪುರಸಭೆಯ ಸೂಲಗಿತ್ತಿ ಹೊನ್ನಕ್ಕ ಬಂದಳು.

“ಕಾಫಿಗೆ ಏನವ್ವಾ ಆಕ್ತಾ ಇದ್ದೀರಿ?”

“ನಿದ್ದೆ ಮದ್ದು ಕಣೆ. ಜರ್ಮನ್ ಯುದ್ಧ ಬಂದ್ಮೇಲೆ ಸೀಮೆ ಔಸ್ದಿ ಸಿಕ್ಕೋದೇ ಕಷ್ಟ. ನಮ್ಮನೆಯವ್ರು ಹುಡುಕಿ ತಂದವ್ರೆ.”

ಹೊನ್ನಕ್ಕ ನಕ್ಕುಬಿಟ್ಟಳು. “ಒಂದ್ ಕೈಲಿ ಎಬ್ಬಿಸೋದು, ಇನ್ನೊಂದ್ ಕೈಲಿ ಮಲಗ್ಸೋದು! ಇವತ್ತಿಗೆ ಎಷ್ಟ್ನೇ ಲೋಟ ಇದು?”

ಬಸುರಿಯನ್ನು ನೋಡಲು ಬಂದವರಿಗೆಲ್ಲ ಕಾಫಿ. ಅವರ ಜೊತೆ ಮಗಳೂ ಕುಡಿಯದಿದ್ದರೆ ಮರ್ಯಾದೆಯಲ್ಲ. “ಐದೋ ಆರೋ” ಎಂದರು ದಾಕ್ಷಾಯಣಮ್ಮ.

ಹೊನ್ನಕ್ಕ ಸೀಸೆಯ ಮೇಲಿನ ಹೆಸರು ಓದಿ ಮೂಸಿದಳು. “ಹಾಪ್ಸಾ? ಬಿಳೀ ದೊರೆಗಳು ಬೀರಿಗೆ ಆಕೋ ಊವು.”

“ಶಿವ ಶಿವಾ! ಲಿಂಗ ಕಟ್ಟಿದ ಮನೇಲಿ ಹೆಂಡವೇನೆ?”

“ಊವು ಹೆಂಡ ಅಲ್ಲ ಬುಡಿ. ದೊಡ್ಡೋರಿಗೆ ನಿದ್ದೆ ಬತ್ತದೆ ಅಂತಾರೆ. ಆದ್ರೆ ಒಟ್ಟೇಲಿರೋ ಕೂಸಿಗೆ ಏನ್ ಮಾಡ್ತದೋ ನನಗಂತೂ ಗೊತ್ತಿಲ್ಲ.”

“ಗಿಡಮೂಲಿಕೆ ತಾನೆ? ಯಾರಿಗೆ ಕೆಟ್ಟದ್ದು ಮಾಡೀತು?”

“ಉಮ್ಮತ್ತಿನೂ ಗಿಡವೇ ಕಣವ್ವಾ. ಅರೆದು ಕೊಡ್ತೀರಾ?”

ದಾಕ್ಷಾಯಣಮ್ಮ ಸೀಸೆ ಇಸಿದುಕೊಂಡು ಬಿರಡೆ ಹಾಕಿದರು.

ಹೊನ್ನಕ್ಕ ಒಳಗೆ ಹೋಗಿ ನೀಲಾಂಬಿಕೆಯ ಕಾಲನ್ನು ಬೆರಳಿನಿಂದ ಒತ್ತಿದಳು. ಒತ್ತಿದ ಕಡೆ ಗುಳಿ ಹಾಗೇ ನಿಂತಿತು. ಮುಖವೂ ಊದಿತ್ತು.

“ತಲೆ ನೋಯ್ತದಾ ಮಗಾ?”

“ಮೂರು ದಿನ ಆಯ್ತು. ಕಣ್ಮುಂದೆ ಮಿಣಮಿಣ ಅಂತದೆ. ನಿದ್ದೆಗೆಟ್ಟಿದ್ದಕ್ಕೆ ಅಂತ ಅವ್ವ ಅಂದ್ರು.”

ಹೊನ್ನಕ್ಕನ ನಗು ಆರಿತು. “ಇದು ಬರೀ ನಿದ್ದೆ ಮಾತಲ್ಲ. ಸಂಜೆ ರೈಲಿಗೇ ಆಸನದ ದೊಡ್ಡಾಸ್ಪತ್ರೆಗೆ ಒರಡಿ.”

“ಬಸುರೀನ ಹೊಳೆ ದಾಟಿಸ್ತಾರೇನೆ? ನಾಳೆ ಬೀಗರು ಏನಂದಾರು?”

“ಅಂದ್ಕೊಳ್ಳಿ. ಅವ್ರ ಮಾತಿಗೆ ಮದ್ದಿಲ್ಲ, ಇದಕ್ಕೈತೆ.”

ದಾಕ್ಷಾಯಣಮ್ಮ ಮಗಳ ಊದಿದ ರೆಪ್ಪೆಗಳನ್ನೇ ನೋಡಿದರು. ಸಾರ ಕುಡಿದು ಇವಳು ಮಲಗಿದ್ದರೆ ನಾನು ಸಂತೋಷದಿಂದ ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಿದ್ದೆ. ಆ ಬಾಗಿಲ ಹಿಂದೆ ರೋಗ ಬೆಳೆಯುತ್ತಿತ್ತು ಎಂದುಕೊಂಡರು.

“ಏನೂಂದ್ರೆ, ಜಟಕಾ ಕರೆಸಿ” ಎಂದು ಕೂಗಿದರು.

ಹಾಸನದ ಡಾಕ್ಟರು ಮೂತ್ರ ಪರೀಕ್ಷಿಸಿ ಅಂದೇ ದಾಖಲು ಮಾಡಿಕೊಂಡರು. ಇನ್ನೆರಡು ದಿನ ಬಿಟ್ಟಿದ್ದರೆ ಸೆಳವು ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿತ್ತು ಎಂದರು. ಮೂರು ವಾರಕ್ಕೆ ನೀಲಾಂಬಿಕೆ ಹೆಣ್ಣು ಹೆತ್ತಳು. ಮಗು ಸಣ್ಣದು, ಅಳು ಮಾತ್ರ ಜೋರು.

ಅಕ್ಕತಂಗಿಯರೇ, ನಿಮ್ಮ ಮನೆಯ ಬಸುರಿಗೆ ನಿದ್ದೆ ಬಾರದಿದ್ದರೆ ಮೊದಲು ಏಕೆಂದು ಕೇಳಿ. ಮುಖ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೂವಿನದಾಗಲಿ ಬೇರಿನದಾಗಲಿ, ಡಾಕ್ಟರನ್ನು ಕೇಳದೆ ಯಾವ ಮದ್ದನ್ನೂ ಕೊಡಬೇಡಿ. ಅವಳ ನೋವು ಮಾತಾಡುತ್ತಿರುವಾಗ ಅದನ್ನು ಮಲಗಿಸಬೇಡಿ.