ಹಳದಿಗೆ ಮುಂಚೆ

ಕಮ್ಮಾರನ ಬಲಭುಜ ನೋಯಲು ಶುರುವಾಗಿ ವರ್ಷಗಳೇ ಕಳೆದಿದ್ದವು. ಎಣ್ಣೆ ತಿಕ್ಕಿದ್ದಾಯಿತು, ಪಟ್ಟು ಹಾಕಿದ್ದಾಯಿತು. ಈಗ ಕುಲುಮೆಯ ಬೂದಿಯೇ ತಣ್ಣಗಾಗಿತ್ತು. ಗುಜರಿಯವನು ಆಗಲೇ ಎರಡು ಸಲ ಬಂದು, ಕಾದ ಕಬ್ಬಿಣ ಇಟ್ಟು ಬಡಿಯುವ ಉಕ್ಕಿನ ಅಡಿಗಲ್ಲನ್ನು ತಟ್ಟಿ ನೋಡಿಕೊಂಡು ಹೋಗಿದ್ದ.

"ಮತ್ತೆ ಬಂದ್ರೆ ಏನಂತೀರಿ?" ಎಂದಳು ಹೆಂಡತಿ.

ಮರುದಿನ ಕಮ್ಮಾರ ಬಸ್ಸು ಹತ್ತಿ ಫಿಜಿಯೋಥೆರಪಿಗೆ ಹೋದ.

ಜನ ಮೊಂಡು ಕುಡುಗೋಲು ತಂದು ಹರಿತ ಮಾಡಿಸಿಕೊಂಡು ಹೋಗುವ ಹಾಗೆ ತಾನೂ ಭುಜ ಒಪ್ಪಿಸಿ ಕೂತರೆ ಸಾಕು ಎಂದುಕೊಂಡಿದ್ದ. ಯಂತ್ರ ಇಡುತ್ತಾರೆ, ಎಲ್ಲೋ ಲಟಕ್ ಅನ್ನುತ್ತದೆ, ಮುಗಿಯಿತು. ಆದರೆ ಆ ಕೋಣೆಯಲ್ಲಿದ್ದದ್ದು ಒಂದು ಮಂಚ, ಗೋಡೆಗೆ ಬಿಗಿದ ರಬ್ಬರ್ ಪಟ್ಟಿ ಮತ್ತು ಮಗಳ ವಯಸ್ಸಿನ ಒಬ್ಬ ಡಾಕ್ಟರಮ್ಮ.

"ಇದನ್ನ ನಿಧಾನಕ್ಕೆ ಎಳೀರಿ. ನೋವಾದ್ರೆ ಹೇಳಿ."

"ನಾನೇ ಎಳೆಯೋದಾದ್ರೆ ನೀವ್ಯಾಕಮ್ಮ? ನಮ್ಮಲ್ಲಿ ಕುಡುಗೋಲು ತಂದೋರು ಕೂತಿರ್ತಾರೆ, ಮಸೆಯೋನು ನಾನು."

"ಕುಡುಗೋಲಿಗೆ ಜೀವ ಇಲ್ವಲ್ಲ ಯಜಮಾನ್ರೆ."

ಎಳೆದ. ಭುಜದೊಳಗೆ ಕಿಡಿ ಹಾರಿತು. ಅವನು ಉಸಿರೆತ್ತಲಿಲ್ಲ. ಕುಲುಮೆಯ ಮನೆಯಲ್ಲಿ ಬೆಳೆದವರು ಮೈಮೇಲೆ ಕಿಡಿ ಬಿದ್ದರೂ ಅಲುಗುವುದಿಲ್ಲ. ಅಲುಗಿದರೆ ಸುತ್ತಿಗೆ ಇಕ್ಕಳ ಹಿಡಿದವನ ಕೈಮೇಲೆ ಬೀಳುತ್ತದೆ. ಅಪ್ಪ ಕಲಿಸಿದ ಮೊದಲ ಪಾಠ ಅದು.

"ಹೇಗಿದೆ?"

"ಹೂ ಎತ್ತಿದ ಹಾಗಿದೆ."

ಹೋದಾಗಲೆಲ್ಲ ಹೂವೆಂದೇ ಹೇಳಿದ. ಅವಳು ನಂಬಿ ಇನ್ನಷ್ಟು ದಪ್ಪನೆಯ ಪಟ್ಟಿ ಕೊಡುತ್ತ ಹೋದಳು. ಒಂದು ಬೆಳಗ್ಗೆ ನೀರಿನ ಚೊಂಬು ಎತ್ತಲೂ ಕೈ ಏಳಲಿಲ್ಲ.

ಆ ದಿನ ಹೆಂಡತಿಯೂ ಜೊತೆಗೆ ಬಂದಳು. ಬಾಗಿಲಲ್ಲೇ ಬಾಯಿ ಬಿಟ್ಟಳು: "ಅಮ್ಮಾ, ಇವರ ಹೂವೆಲ್ಲ ಮನೇಲಿ ಮುಳ್ಳಾಗ್ತಿದೆ. ಮಗ್ಗುಲು ಬದಲಿಸೋಕೂ ನರಳ್ತಾರೆ."

"ಏನೇ ನೀನು..."

"ಸುಮ್ನಿರಿ. ಕಬ್ಬಿಣದ ಜೊತೆ ಬಾಳಿದ್ದಕ್ಕೆ ಕಬ್ಬಿಣ ಆಗ್ಬಿಟ್ರಾ?"

ಡಾಕ್ಟರಮ್ಮ ಸಿಟ್ಟಾಗಲಿಲ್ಲ. "ತಪ್ಪು ನಂದೂ ಇದೆ, ಬರೀ ಬಾಯಿಮಾತು ಕೇಳ್ದೆ. ನೋವಿಗೆ ಹತ್ತರಲ್ಲಿ ಎಷ್ಟು ಕೊಡ್ತೀರಿ?"

ಅವನಿಗೆ ತಿಳಿಯಲಿಲ್ಲ. ನೋವಿಗೆ ಅಂಕ ಕೊಡುವುದು ಹೇಗೆ? ಬದುಕಿಡೀ ಕುಲುಮೆಗೆ ಗಾಳಿ ಊದುವ ತಿದಿ ಒತ್ತಿ, ಕಾಯುವ ಕಬ್ಬಿಣದ ಬಣ್ಣ ನೋಡುತ್ತ ಬಂದವಳು ಹೆಂಡತಿ. ಅವಳೇ ಹೇಳಿದಳು: "ಬಣ್ಣ ಕೇಳಿ, ಹೇಳ್ತಾರೆ. ಕಪ್ಪಾ, ಕೆಂಪಾ, ಹಳದಿಯಾ?"

ಅವನು ಪಟ್ಟಿ ಹಿಡಿದು ಮೆಲ್ಲಗೆ ಎಳೆದ. "ಕಪ್ಪು." ಇನ್ನೂ ಎಳೆದ. "ಕೆಂಪು... ಈಗ ಹಳದಿಗೆ ತಿರುಗ್ತಿದೆ."

"ಅಲ್ಲೇ ನಿಲ್ಸಿ," ಎಂದಳು ಡಾಕ್ಟರಮ್ಮ. "ಕೆಂಪಿದ್ರೆ ಕೆಲಸ ಮಾಡಿ, ಹಳದಿಗೆ ಮುಂಚೆ ಬಿಡಿ."

"ಕಬ್ಬಿಣಕ್ಕೆ ಹಳದೀಲೇ ಪೆಟ್ಟು ಹಾಕೋದು."

"ಅದಕ್ಕೇ ನಿಮಗೆ ಈ ಗತಿ!"

ಮೂವರೂ ನಕ್ಕರು. ಆಮೇಲೆ ಅವನು ತಗ್ಗಿದ ದನಿಯಲ್ಲಿ ಕೇಳಿದ: "ನೋವು ಪೂರ್ತಿ ಹೋಗುತ್ತಾ?"

"ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಸುತ್ತಿಗೆ ಹಿಡಿಯೋ ಹಾಗೆ ಮಾಡೋಣ. ಅದು ನಿಮ್ಮ ಕೈಲಿದೆ."

ನೋವಿರುತ್ತದೆ ಎಂದು ಇದುವರೆಗೆ ಯಾರೂ ಮುಖಕ್ಕೆ ಹೇಳಿರಲಿಲ್ಲ. ವಿಚಿತ್ರವೆಂದರೆ, ಕೇಳಿ ಅವನಿಗೆ ಎದೆ ಹಗುರಾಯಿತು.

ಒಂದು ಬೆಳೆ ಕೊಯ್ಲಾಗಿ ಇನ್ನೊಂದರ ಬಿತ್ತನೆ ಹತ್ತಿರವಾಯಿತು. ಪಕ್ಕದ ಹೊಲದವನು ಸವೆದ ನೇಗಿಲ ಕುಳ ತಂದ. ಹೆಂಡತಿ ತಿದಿ ಒತ್ತಿದಳು, ಕಮ್ಮಾರ ಸುತ್ತಿಗೆ ಬೀಸಿದ. ನಡುವೆ ಅವಳು ತಲೆಯೆತ್ತಿ ಕೇಳಿದಳು, "ಬಣ್ಣ?"

"ಕೆಂಪು. ಏರ್ತಿದೆ."

ಗಿರಾಕಿಯ ಕಣ್ಣೆದುರಿಗೇ ಸುತ್ತಿಗೆ ಕೆಳಗಿಟ್ಟ. ಹಿಂದೆ ಪ್ರಾಣ ಹೋದರೂ ಇಡುತ್ತಿರಲಿಲ್ಲ.

"ಯಾಕೆ ಮಾವ, ಸುಸ್ತಾ?"

"ಭುಜ ನೋಯ್ತಿದೆ ಕಣಪ್ಪ. ಅದು ಆರ್ಲಿ, ಕುಳ ಇನ್ನೊಂದ್ಸಲ ಕಾಯ್ಲಿ." ಹೇಳುವಾಗ ಅವನ ಬೆನ್ನು ನೆಟ್ಟಗಿತ್ತು.

ಸಂಜೆಯ ಹೊತ್ತಿಗೆ ಕುಳದ ಮೊನೆ ಮಿಂಚಿತು. ಆಗಲೇ ಗುಜರಿಯವನು ಬಂದು, ಅಭ್ಯಾಸದಂತೆ ಅಡಿಗಲ್ಲು ತಟ್ಟಲು ಕೈ ಚಾಚಿದ.

"ಮುಟ್ಟಬೇಡ," ಎಂದ ಕಮ್ಮಾರ, "ಬಿಸಿಯಿದೆ."