ಪಾವರ್ ಕುಡಿಯುವ ಗಾಡಿ

ಮಹಾಂತೇಶನ ಕಾರು ಪಾವರ್ ಪೆಟ್ರೋಲು ಬಿಟ್ಟು ಬೇರೇನನ್ನೂ ಮೂಸಿ ನೋಡುವುದಿಲ್ಲ ಎಂಬುದು ಹಾನಗಲ್ಲಿನ ಪ್ಯಾಟಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಾಗದೆ ಏನು ಮಾಡೀತು, ಅವನೇ ಹೇಳಿಕೊಂಡು ತಿರುಗುತ್ತಿದ್ದ. ಕಂಪನಿ ಯಾವುದೇ ಇರಲಿ, ಬಂಕಿನಲ್ಲಿ ಸಿಗುವ ಆ ದುಬಾರಿ ಪೆಟ್ರೋಲಿಗೆ ನಮ್ಮ ಕಡೆ ಪಾವರ್ ಎಂದೇ ಹೆಸರು, ಉಳಿದದ್ದೆಲ್ಲ ಸಾದಾ. ಹಾಗಂತ ಅವನದೇನು ವಿಲಾಯಿತಿ ಗಾಡಿಯಲ್ಲ. ನಾಲ್ಕು ಜನ ಕುಳಿತ ಮೇಲೆ ಐದನೆಯವರು ಉಸಿರು ಬಿಗಿಹಿಡಿದು ಕೂರಬೇಕಾದ ಸಣ್ಣ ಕಾರು. ಅದಕ್ಕೆ ಪಾವರ್ ಕುಡಿಸುವುದು ಕತ್ತೆಗೆ ಕಸ್ತೂರಿ ತೋರಿಸಿದಂತೆಯೇ ಸರಿ. ಆದರೆ ಅವನಿಗೆ ಹಾಗೆ ಹೇಳುವವರು ಯಾರು?

ಈ ಹುಚ್ಚಿಗೆ ಒಂದು ಕಾರಣವಿತ್ತು. ಅವನ ಅಪ್ಪ ಮಹಾಲಿಂಗಪ್ಪ ಸಾವ್ಕಾರರು ಬೀದಿಯಲ್ಲಿ ಹೊರಟರೆ ಕಟ್ಟೆಯ ಮೇಲೆ ಕುಳಿತವರು ಎದ್ದು ನಿಲ್ಲುತ್ತಿದ್ದರು. ಮಗನ ಕಾಲಕ್ಕೆ ಹೊಲ ಹಂಚಿಹೋಗಿ, ನೀರಾವರಿ ಪೈಪು ಮಾರುವ ಒಂದು ಅಂಗಡಿ ಉಳಿದಿತ್ತು. ಸಾವ್ಕಾರ್ರು ಎಂಬ ಮಾತು ಜನರ ಬಾಯಲ್ಲಿ ಇನ್ನೂ ಇತ್ತು ನಿಜ, ಎದ್ದು ನಿಲ್ಲುವ ಕಾಲುಗಳು ಮಾತ್ರ ಇರಲಿಲ್ಲ. ಹಾಗಾಗಿ ಬಂಕಿನಲ್ಲಿ ಕಾರಿನ ಕಿಟಕಿ ಇಳಿಸಿ, ಹಿಂದಿನ ಗಾಡಿಯವರಿಗೂ ಕೇಳಿಸುವಂತೆ "ಪಾವರ್" ಎನ್ನುವ ಆ ಒಂದು ಗಳಿಗೆಯಲ್ಲಿ ಅವನಿಗೆ ಅಪ್ಪನ ರುಮಾಲು ತನ್ನ ತಲೆಯ ಮೇಲೆ ಬಂದು ಕುಳಿತ ಹಾಗೆ ಅನ್ನಿಸುತ್ತಿತ್ತು. ಪಾಪ ಎನ್ನಬೇಕೋ ನಗಬೇಕೋ ನೀವೇ ಹೇಳಿ.

ಅವನ ಅಂಗಡಿಗೆ ಗೋಡೆ ಹಂಚಿಕೊಂಡು, ಹತ್ತಿಯ ಹಾಸಿಗೆ ಹೊಲಿದು ಮಾರುವ ಖಲಂದರನ ಗಾದಿ ಅಂಗಡಿ. ಇವನದು ಗಾಡಿ, ಅವನದು ಗಾದಿ ಎಂದು ಪ್ಯಾಟಿಯವರು ನಗಾಡುತ್ತಿದ್ದರು. ಇಬ್ಬರೂ ಕನ್ನಡ ಸಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತು ಒಂದೇ ಮಾಸ್ತರರ ಕೈಯಲ್ಲಿ ಏಟು ತಿಂದವರು. ಊರೆಲ್ಲ ಸಾವ್ಕಾರ್ರ ಎಂದು ಕರೆದರೆ ಖಲಂದರ ಮಾತ್ರ ರಸ್ತೆಯ ಆ ಕಡೆಯ ಚಹಾದಂಗಡಿಯಿಂದ "ಏ ಮಾಂತ್ಯಾ" ಎಂದು ಕೂಗುತ್ತಿದ್ದ. ಗಿರಾಕಿಗಳ ಎದುರು ಹೀಗೆ ಕರೆಸಿಕೊಂಡಾಗ ಮಹಾಂತೇಶ ಮುಖ ಗಂಟಿಕ್ಕುತ್ತಿದ್ದ. ಒಳಗೆ ಮಾತ್ರ ಅವನಿಗೆ ಹಾಯೆನಿಸುತ್ತಿತ್ತು. ಅಪ್ಪ ತೀರಿ, ಅವ್ವ ತೀರಿ, ಅವನನ್ನು ನೀನು ಎಂದು ಕರೆಯುವ ಗಂಡಸು ಎಂದರೆ ಊರಲ್ಲಿ ಖಲಂದರನೊಬ್ಬನೇ ಉಳಿದಿದ್ದ.

ಖಲಂದರನ ತಾಯಿ ಜನ್ನತಬಿಗೆ ಹುಲಗೂರಿನ ದರ್ಗಾಕ್ಕೆ ಹೋಗಿಬರುವ ಹರಕೆಯಿತ್ತು. ಮೊಳಕಾಲು ಹಿಡಿದುಕೊಂಡು ಬಸ್ಸು ಹತ್ತುವುದು ಆಗುತ್ತಿರಲಿಲ್ಲ. ವಿಷಯ ತಿಳಿದ ಮಹಾಂತೇಶ ಯಾರೂ ಕೇಳುವ ಮೊದಲೇ ಕಾರಿನ ಕೀಲಿ ತೆಗೆದು ಖಲಂದರನ ಕೈಗಿಟ್ಟ. ಅವನಲ್ಲಿ ಈ ಗುಣವೂ ಇತ್ತು, ಇಲ್ಲದ್ದನ್ನು ಹೇಳಬಾರದು. ಖಲಂದರ ಹಿಂದೆ ಮಾಲಿನ ಟೆಂಪೋ ಓಡಿಸಿದವನು. ತಾಯಿಯನ್ನು ಕೂರಿಸಿಕೊಂಡು ಶಿಗ್ಗಾವಿಯ ಮೇಲೆ ಹಾಯ್ದು ಹುಲಗೂರಿಗೆ ಹೋಗಿ, ಸಂಜೆಯೊಳಗೆ ಬಂದು ಕೀಲಿ ಕೊಟ್ಟ. ಜೊತೆಗೆ ದರ್ಗಾದಲ್ಲಿ ಫಾತೆಹಾ ಓದಿಸಿದ ಸಕ್ಕರೆಯ ಪೊಟ್ಟಣವನ್ನೂ ಕೊಟ್ಟ. ಕಾರಿನ ಪೆಟ್ರೋಲ್ ಟಾಕಿಯೂ ಕಂಠಮಟ ತುಂಬಿತ್ತು. ನೆರೆಮನೆಯಿಂದ ಇಸಗೊಂಡ ಪಾತ್ರೆ ಭಾಂಡೆಯನ್ನು ಖಾಲಿ ತಿರುಗಿಸಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎನ್ನುವುದು ನಮ್ಮ ಕಡೆಯ ಹೆಂಗಸರ ರಿವಾಜು. ಜನ್ನತಬಿಯ ಲೆಕ್ಕದಲ್ಲಿ ಕಾರೂ ಒಂದು ಭಾಂಡೆಯೇ. ಬಂಕಿನಲ್ಲಿ ನಿಂತು ತುಂಬಿಸು ಎಂದು ಮಗನಿಗೆ ಹೇಳಿದವಳು ಅವಳೇ.

ಮರುದಿನ ಮಹಾಂತೇಶ ವಸೂಲಿಗೆಂದು ಹಿರೇಕೆರೂರಿಗೆ ಹೋದ. ದಾರಿಯುದ್ದಕ್ಕೂ ಕಾರು ಕಟಕಟ ಎನ್ನತೊಡಗಿತು. ಯಾರ ಕಾರಿನಲ್ಲಾದರೂ ಸದ್ದು ಬಂದರೆ "ಸಾದಾ ಹಾಕಿದರ ಮತ್ತೇನಾಗತೈತಿ" ಎಂದು ಮೂಗು ಮುರಿಯುತ್ತಿದ್ದವನಿಗೆ ಈಗ ಬೇರೆ ವಿಚಾರ ಹೊಳೆಯಲೇ ಇಲ್ಲ. ಹೋದ ಕೆಲಸವೂ ಆಗಲಿಲ್ಲ. ಸಿಟ್ಟನ್ನು ದಾರಿಯುದ್ದಕ್ಕೂ ಕುದಿಸಿಕೊಂಡು ಬಂದವನು ಕಾರನ್ನು ನೇರವಾಗಿ ಅಂಗಡಿಯ ಎದುರಿನ ಚಹಾದಂಗಡಿಯ ಮುಂದೆ ನಿಲ್ಲಿಸಿದ. ಅಲ್ಲಿ ಖಲಂದರ ನಾಲ್ಕು ಜನರ ನಡುವೆ ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತಿದ್ದ.

ಯಾವ ಪೆಟ್ರೋಲು ಹಾಕಿಸಿದ್ದೀ ಎಂದು ಮಹಾಂತೇಶ ಕೇಳಿದ. ಸಾದಾ ಎಂದ ಖಲಂದರ. ಅಷ್ಟೇ ಸಾಕಾಯಿತು. ಇಂಜಿನ್ ಹಾಳು ಮಾಡಿದಿ ಅಂದ, ಸದ್ದು ಕೇಳು ಅಂದ, ಬಾನೆಟ್ಟು ಎತ್ತಿ ಕುಳಿತವರಿಗೆಲ್ಲ ಕೇಳಿಸಿದ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಕೇಳುವವರಿದ್ದರೆ ನಾಲಿಗೆಗೆ ಎಲುಬಿಲ್ಲ.

"ಸಾದಾ ಮಂದಿಗೆ ಸಾದಾನ ಗೊತ್ತು. ನಿಮ್ಮಂಥವರ ಕೈಯಾಗ ಕೀಲಿ ಕೊಟ್ಟದ್ದು ನನ್ನ ತಪ್ಪು."

ಏನೋ ಹೇಳಲು ಹೋದ ಖಲಂದರ ಕುಳಿತವರ ಕಡೆ ಒಮ್ಮೆ ನೋಡಿದ. ಬಸಿಯನ್ನು ಕೆಳಗಿಟ್ಟು ಎದ್ದು ನಿಂತ.

"ತಪ್ಪಾತ್ರಿ ಸಾವ್ಕಾರ್ರ," ಎಂದ.

ಮಹಾಂತೇಶನಿಗಾಗಿ ಒಬ್ಬರು ಎದ್ದು ನಿಂತಿದ್ದರು. ಅಪ್ಪನ ಕಾಲದ ಮರ್ಯಾದೆ ಅವನಿಗೆ ಕೊನೆಗೂ ಸಿಕ್ಕಿತ್ತು. ಆದರೆ ಆ "ರಿ" ಕಿವಿಗೆ ಬಿದ್ದೊಡನೆ ಅಲ್ಲಿ ನಿಲ್ಲಲಾಗದೆ ಬಾನೆಟ್ಟು ಬಡಿದು ಮುಚ್ಚಿ ಮನೆಯ ಕಡೆ ಕಾರು ತಿರುಗಿಸಿದ.

ಮನೆಯಲ್ಲಿ ಹೆಂಡತಿ ತನುಜಾ ಆಗಷ್ಟೇ ಸಾಲೆಯಿಂದ ಬಂದಿದ್ದಳು. ಸವಣೂರಿನ ಹೆಣ್ಣುಮಗಳು, ಆಡೂರಿನಲ್ಲಿ ಮಾಸ್ತರಿಕೆ. ವಾರದ ದಿನಗಳಲ್ಲಿ ಬಹಳ ಮಟ್ಟಿಗೆ ಕಾರು ಓಡಿಸುವವಳೂ ಪೆಟ್ರೋಲು ಹಾಕಿಸುವವಳೂ ಅವಳೇ, ಅವನು ಬಂಕಿಗೆ ಹೋಗಿ ಪಾವರ್ ಎನ್ನುವುದು ಅಪರೂಪಕ್ಕೊಮ್ಮೆ. ಗಂಡ ನಡೆದದ್ದನ್ನು ಪರಾಕ್ರಮದಂತೆ ಹೇಳಿಕೊಂಡ. ಆ ಸದ್ದು ಇಂದಿನದಲ್ಲ, ಹೋದ ವಾರ ನೀವೇ ಸಾಲೆಯ ಮುಂದಿನ ರಸ್ತೆಯುಬ್ಬಿನ ಮೇಲೆ ಕಾರು ಹಾರಿಸಿದಾಗ ಇಂಜಿನ್ನಿನ ಕೆಳಗಿನ ತಗಡು ಸಡಿಲಾಗಿದೆ, ಬಿಗಿ ಮಾಡಿಸಿರಿ ಎಂದು ಹೇಳಿದ್ದೆನಲ್ಲ ಎಂದಳು ತನುಜಾ. ಅವನು ಅದನ್ನು ಒಪ್ಪಲಿಲ್ಲ. ತಗಡಲ್ಲ, ಸಾದಾ ಪೆಟ್ರೋಲು ಎಂದೇ ಹಟ ಹಿಡಿದ.

"ನಾ ವರ್ಷದ ಮ್ಯಾಲಾತು, ಸಾದಾನ ಹಾಕ್ಸಾಕತ್ತೇನ್ರಿ," ಎಂದಳು ತನುಜಾ. "ಈ ಗಾಡಿಗೆ ಪಾವರ್ ಏನೂ ಬೇಕಾಗಿಲ್ಲಂತ ಸರ್ವಿಸಿನವರು ಅವಾಗನ ಹೇಳ್ಯಾರ. ನಿಮಗ ಹೇಳಾಕ ಬಂದ್ರ ಕಿವಿಗೆ ಹಾಕ್ಕೊಳ್ಳಲಿಲ್ಲ. ಆಮ್ಯಾಲ ಪ್ರತಿ ಐತವಾರ ನೀವು ಕಾರು ತಗದು, ಪಿಕಪ್ ನೋಡು, ಪಾವರಿನ ಗಮ್ಮತ್ತ ನೋಡು ಅಂತಿದ್ರಿ. ಖುಷಿಯಾಗಿದ್ದವರನ್ನ ಯಾಕ ನೋಯಸೋದಂತ ಸುಮ್ಮನಿದ್ನಿ."

ಮಹಾಂತೇಶ ಹೆಂಡತಿಯ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದ, ಅದೂ ಬರಲಿಲ್ಲ. ವರ್ಷದ ಮೇಲೆ ಸಾದಾ ಕುಡಿದ ಗಾಡಿಯ ಮೈ ಸವರಿ ಪಾವರ್ ಎಂದು ಹಿಗ್ಗಿದ್ದನಲ್ಲ ಎಂಬ ನಾಚಿಕೆ ಒಂದು ಕಡೆ. ಅದನ್ನು ಬೇಕಾದರೆ ನಕ್ಕು ನುಂಗಬಹುದಿತ್ತು. ಸಾದಾ ಮಂದಿ ಎಂದು ತಾನು ಆಡಿದ ಮಾತನ್ನು ಮಾತ್ರ ನುಂಗುವ ದಾರಿ ತೋರಲಿಲ್ಲ. ನಾಳೆ ಬೆಳಿಗ್ಗೆಯೇ ತಪ್ಪು ಒಪ್ಪಿಕೊಂಡು ಬಿಡುತ್ತೇನೆ ಎಂದ. ಆಡಿದ ಜಾಗದಲ್ಲೇ ಒಪ್ಪಿಕೊಳ್ಳಿರಿ ಎಂದಳು ತನುಜಾ.

ಬೆಳಿಗ್ಗೆ ಎದ್ದವನು ಮೊದಲು ಗ್ಯಾರೇಜಿಗೆ ಹೋಗಿ ತಗಡು ಬಿಗಿ ಮಾಡಿಸಿದ. ಸದ್ದು ನಿಂತುಹೋಯಿತು. ಆಮೇಲೆ ಚಹಾದಂಗಡಿಯ ಮುಂದೆ ಬಂದು ಕಾರು ನಿಲ್ಲಿಸಿದರೆ, ಅವನಿಗಾಗಿಯೇ ಕಾದಂತೆ ಖಲಂದರ ಕೈಯಲ್ಲಿ ಒಂದು ಕ್ಯಾನು ಹಿಡಿದು ನಿಂತಿದ್ದ. ಊರ ಬಂಕಿನಲ್ಲಿ ಪಾವರ್ ಮುಗಿದಿದೆ ಎಂದದ್ದಕ್ಕೆ ಶಿಗ್ಗಾವಿತನಕ ಬೈಕು ಹೊಡೆದುಕೊಂಡು ಹೋಗಿ ತಂದಿದ್ದನಂತೆ. ನಿನ್ನೆ ಇದ್ದ ಮಂದಿಯೇ ಇಂದೂ ಇದ್ದರು, ಮೇಲೆ ಇನ್ನಿಬ್ಬರು ಬೇರೆ.

ಈಗ ಹೇಳಬೇಕು ಎಂದುಕೊಂಡ ಮಹಾಂತೇಶ. ಬಾಯಿಯನ್ನೂ ತೆರೆದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ನನ್ನ ಗಾಡಿ ಕುಡಿಯುವುದು ಸಾದಾನೇ, ಅದು ನನಗೇ ಗೊತ್ತಿರಲಿಲ್ಲ ಎಂದರೆ ಇವರು ಸಾಯುವತನಕ ನಗುತ್ತಾರೆ ಎನ್ನಿಸಿತು. ತೆರೆದ ಬಾಯಿ ಹಾಗೇ ಮುಚ್ಚಿತು. ಟಾಕಿಯ ಮುಚ್ಚಳ ತೆಗೆದುಕೊಟ್ಟ. ಖಲಂದರ ಒಂದು ಹನಿಯೂ ಚೆಲ್ಲದಂತೆ ಪಾವರ್ ಸುರಿದ. ಚಾಲೂ ಮಾಡ್ರಿ ಎಂದರು ಯಾರೋ. ಚಾಲೂ ಮಾಡಿದ. ತಗಡು ಬಿಗಿಯಾಗಿದ್ದ ಕಾರು ಕಟಕಟ ಇಲ್ಲದೆ ಬೆಣ್ಣೆಯ ಹಾಗೆ ಚಾಲೂ ಆಯಿತು.

ಮಂದಿ ತಲೆದೂಗಿದರು. ಪಾವರ್ ಅಂದರೆ ಪಾವರೇ, ಖಲಂದರಂದೇ ತಪ್ಪು ಎಂದು ತೀರ್ಪಾಯಿತು. ಖಲಂದರ ಬಾನೆಟ್ಟಿನ ಮೇಲೆ ಕೈಯಿಟ್ಟು, "ಹೌದ್ರಿ, ಫರಕ್ ಐತ್ರಿ," ಎಂದು ಖಾಲಿ ಕ್ಯಾನು ಹಿಡಿದು ತನ್ನ ಅಂಗಡಿ ಹೊಕ್ಕ. ಸ್ಟೇರಿಂಗು ಹಿಡಿದು ಕುಳಿತ ಮಹಾಂತೇಶನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಿನ್ನೆಯದನ್ನು ತಿಳಿಯದೆ ಮಾಡಿದ್ದ. ಇಂದಿನದನ್ನು ಎಲ್ಲ ತಿಳಿದೂ ಮಾಡಿದ್ದ.

ಆ ದಿನ ಅಂಗಡಿಯಲ್ಲಿ ಅವನಿಗೆ ಕೂರಲಾಗಲಿಲ್ಲ. ಪೈಪಿನ ಅಳತೆಯನ್ನು ಎರಡೆರಡು ಸಲ ತಪ್ಪಿ ಗಿರಾಕಿಗಳಿಂದ ಅನ್ನಿಸಿಕೊಂಡ. ಗೋಡೆಯ ಆ ಕಡೆಯಿಂದ ಹತ್ತಿ ಬಡಿಯುವ ಸದ್ದು ಬರುತ್ತಿತ್ತು. ಮಧ್ಯಾಹ್ನ ಪ್ಯಾಟಿ ತಣ್ಣಗಾದ ಮೇಲೆ ಎದ್ದು ಪಕ್ಕದ ಅಂಗಡಿಯ ಹೊಸ್ತಿಲ ಮೇಲೆ ಹೋಗಿ ನಿಂತ. ಖಲಂದರ ಗಾದಿಯೊಂದಕ್ಕೆ ದಬ್ಬಣದಿಂದ ಹೊಲಿಗೆ ಹಾಕುತ್ತಿದ್ದವನು ದಡಬಡಿಸಿ ಎದ್ದ.

"ಬರ್ರಿ, ಕುಂದರ್ರಿ," ಎಂದು ಹೊಸ ಗಾದಿಯ ಮೇಲಿನ ಅರಳೆ ಕೊಡವಿದ. ಈ ಅಂಗಡಿಯಲ್ಲಿ ಮಹಾಂತೇಶನಿಗೆ ಯಾರೂ ಎಂದೂ ಕುಳಿತುಕೋ ಎಂದವರಲ್ಲ. ಬೇಕಾದಲ್ಲಿ ಉರುಳಿಕೊಳ್ಳುತ್ತಿದ್ದವನು ಈಗ ಗಿರಾಕಿಯಂತೆ ಗಾದಿಯ ತುದಿಗೆ ಕುಳಿತ. ಕುಳಿತು ಎಲ್ಲವನ್ನೂ ಹೇಳಿದ. ತಗಡು ಸಡಿಲಾದದ್ದು, ತನುಜಾ ವರ್ಷದಿಂದ ಸಾದಾ ಹಾಕಿಸುತ್ತಿದ್ದದ್ದು, ಬೆಳಿಗ್ಗೆ ಬಾಯಿ ತೆರೆದು ಮುಚ್ಚಿದ್ದು, ಯಾವುದನ್ನೂ ಬಿಡಲಿಲ್ಲ.

ಖಲಂದರ ದಬ್ಬಣಕ್ಕೆ ದಾರ ಪೋಣಿಸುತ್ತ ಕೇಳಿಸಿಕೊಂಡ.

"ತನುಜಾ ವೈನಿ ಸಾದಾ ಹಾಕ್ಸೋದು ನನಗ ಗೊತ್ತೈತ್ರಿ," ಎಂದ. "ಬೈಕಿಗೆ ಹಾಕ್ಸಾಕ ಹೋದಾಗ ಎಷ್ಟೋ ಸಲ ನೋಡೇನಿ. ಅದಕ್ಕ ನಾನೂ ಸಾದಾನ ಹಾಕ್ಸಿದ್ನಿ."

ಮತ್ತೆ ನಿನ್ನೆ ಯಾಕೆ ಹೇಳಲಿಲ್ಲ, ಇವತ್ತು ಆ ಕ್ಯಾನು ಯಾಕೆ ತಂದಿ ಎಂದು ಕೇಳಿದ ಮಹಾಂತೇಶ.

"ನಾಕ ಮಂದ್ಯಾಗ ವೈನಿ ಹೆಸರು ತಗದು, ನಿಮ್ಮ ಮಾನ ಹೆಂಗ ಕಳೀಲ್ರಿ? ಮತ್ತ ಅಮ್ಮಾ ರಾತ್ರಿ ಉಣ್ಣಲಿಲ್ಲ. ತುಂಬಿಸು ಅಂದಾಕಿ ನಾನ, ಮಂದಿ ಗಾಡಿ ಕೆಡಿಸಿದ್ನಿ ಅಂತ ಒಂದ ಸಮ ಅಳಾಕತ್ತಿದ್ಲು. ಸಾದಾದಿಂದ ಏನೂ ಕೆಡಂಗಿಲ್ಲ ಅಂದ್ರೂ ಕೇಳಲಿಲ್ಲ. ಪಾವರ್ ಹಾಕಿ ಸರಿ ಮಾಡೇನಿ ಅಂತ ಆಕಿಗೆ ಹೇಳಬೇಕಿತ್ರಿ."

ಮಹಾಂತೇಶನ ಕಣ್ಣು ತುಂಬಿ ಬಂತು. ಈಗಲೇ ಜನ್ನತಬಿಯ ಕಾಲು ಹಿಡಿಯುತ್ತೇನೆ, ಚಹಾದಂಗಡಿಯಲ್ಲಿ ಎಲ್ಲರೆದುರು ನಿಂತು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ನಗಲಿ, ಸಾಯುವತನಕ ನಗಲಿ ಎಂದ. ಹೇಳ್ರಿ, ಅಮ್ಮಾಗ ಸಮಾಧಾನ ಆಗತೈತಿ ಎಂದ ಖಲಂದರ. ಅವನ ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ.

"ಖಲ್ಯಾ, ಬೇಕಾದ್ರ ಬೈಯೋ, ಹೊಡಿಯೋ. ಈ ರಿ ಒಂದು ಬಿಡೋ. ಮಾಂತ್ಯಾ ಅನ್ನೋ."

ಖಲಂದರ ದಬ್ಬಣವನ್ನು ಗಾದಿಗೆ ಚುಚ್ಚಿ ನಿಲ್ಲಿಸಿದ. ಗೆಳೆಯನ ಮುಖ ನೋಡಿದ. ಅನ್ನಬೇಕೆಂದೇ ತುಟಿ ತೆರೆದ.

"ಬಾಯಾಗ ಬರವಲ್ದ್ರಿ," ಎಂದ.